ಚಿಕ್ಕಿಯ ಬೆನ್ನಿನ ಕೆಂಪು ಗೆರೆ

ಹೊಳೆಮಣ್ಣೂರಿನ ಕಲ್ಲವ್ವ ತವರುಮನೆ ಕೊಣ್ಣೂರಿನಿಂದ ಮರಳಿ ಬಂದಾಗ ದಡ್ಡಿಯಲ್ಲಿ ಕುರಿಗಳೆಲ್ಲ ಇದ್ದವು, ಗಂಡನೂ ಇದ್ದ. ಆದರೆ ಅವಳ ಕುರಿ ಚಿಕ್ಕಿಯ ಬೆನ್ನ ಮೇಲೆ, ಬಾಲದಿಂದ ಒಂದು ಗೇಣು ಮುಂದೆ, ಅಡ್ಡಕ್ಕೆ ಒಂದು ಕೆಂಪು ಗೆರೆ ಎಳೆದಿತ್ತು.

ಆ ಸೀಮೆಯಲ್ಲಿ ಕುರಿಯ ಬೆನ್ನಿನ ಬಣ್ಣ ಓದಲು ಯಾರೂ ಸಾಲಿ ಕಲಿಯಬೇಕಾಗಿಲ್ಲ. ವ್ಯಾಪಾರಿ ಬರುತ್ತಾನೆ, ಕುರಿಯ ಸೊಂಟ ಹಿಚುಕಿ ನೋಡುತ್ತಾನೆ, ಮಾತು ಮುಗಿದರೆ ತನ್ನ ಬಣ್ಣದ ಗೆರೆ ಎಳೆದು ಹೋಗುತ್ತಾನೆ. ಗಾಡಿ ತುಂಬುವಷ್ಟು ಕುರಿ ಕೂಡುವವರೆಗೆ ಅದು ಹಳೆಯ ದಡ್ಡಿಯಲ್ಲೇ ಇರುತ್ತದೆ, ಹಳೆಯ ಯಜಮಾನನ ಮೇವನ್ನೇ ತಿನ್ನುತ್ತದೆ, ಆದರೆ ಅವನದಲ್ಲ. ನೀಲಿ ಒಬ್ಬ ವ್ಯಾಪಾರಿಯದು, ಹಸಿರು ಇನ್ನೊಬ್ಬನದು. ಕೆಂಪು ಗಜೇಂದ್ರಗಡದ ಗೌಸುಸಾಬನದು.

ಚಿಕ್ಕಿ ಹಾಗೆ ಬಣ್ಣ ಹಚ್ಚಿಸಿಕೊಳ್ಳುವ ಕುರಿಯಲ್ಲ. ಕಲ್ಲವ್ವನ ಮದುವೆಯಲ್ಲಿ ಅವಳ ಅಣ್ಣ ಒಂದು ಹೆಣ್ಣುಮರಿಯನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದು ಅಂಗಳದಲ್ಲಿ ಇಳಿಸಿದ್ದ. ಆ ಮರಿಯ ಸಂತತಿಯಲ್ಲಿ ಉಳಿದದ್ದು ಹಣೆಯ ಮೇಲೆ ಬಿಳಿ ಬೊಟ್ಟಿದ್ದ ಇದೊಂದೇ. ಹೊಲ ಮಾವನ ಹೆಸರಿನಲ್ಲಿ, ಮನೆ ಗಂಡನ ಹೆಸರಿನಲ್ಲಿ. ಇದು ನನ್ನದು ಎಂದು ಕಲ್ಲವ್ವ ಕೈ ತೋರಿಸಬಹುದಾದ ವಸ್ತು ಆ ಅಂಗಳದಲ್ಲಿ ಚಿಕ್ಕಿ ಮಾತ್ರ. ಈ ಸಲವೂ ಅದು ಹೆಣ್ಣುಮರಿ ಹಾಕದಿದ್ದರೆ ತವರಿನ ಕುರಿಯ ಕಥೆ ಅಲ್ಲಿಗೆ ಮುಗಿಯುತ್ತಿತ್ತು.

ಬೇಲಿಯ ಆಚೆಯಿಂದ ನೆರೆಮನೆಯ ಫಕೀರವ್ವ ಇಣುಕಿದಳು. ಕೇಳದೆಯೇ ಸಾಕ್ಷಿ ಹೇಳುವುದು ಅವಳ ಸ್ವಭಾವ.

"ನಿನ್ನೆ ಚಿಕ್ಕೀನ ಗಾಡ್ಯಾಗ ಹೇರಿಕೊಂಡು ಹೋಗಿದ್ರು ಯಕ್ಕಾ. ಸಂಜಿಮುಂದ ವಾಪಸ್ ತಂದ್ರು. ನಾ ಯಾಕ ಏನಂತ ಕೇಳಾಕ ಹೋಗ್ಲಿಲ್ಲ. ನನಗ್ಯಾಕ ಬೇಕು ಮಂದಿ ಉಸಾಬರಿ."

ಕಲ್ಲವ್ವ ಗಂಡನನ್ನು ಕೇಳಿದಳು. ಪ್ರಭುಲಿಂಗಪ್ಪ ಟಗರಿಗೆ ಕಡಲೆ ತಿನ್ನಿಸುತ್ತಿದ್ದವನು ಕತ್ತು ತಿರುಗಿಸದೆ ಹೇಳಿದ. "ಅದಾ? ಟ್ರೇನಿಂಗಿನ್ಯಾಗ ಡಾಕ್ಟ್ರು ಹಚ್ಚಿದ್ದು. ಹೊಟ್ಯಾಗ ಎರಡು ಮರಿ ಅದಾವಂತ. ಗುರ್ತಿಗೆ."

"ಇಷ್ಟು ವರ್ಷ ಒಂದೊಂದ ಹಾಕಿದ್ದು, ಮುದುಕಿ ಆದ ಮ್ಯಾಲೆ ಎರಡು ಹೊತ್ತೈತಾ?"

"ಮಿಷನ್ನಿನ್ಯಾಗ ಕಂಡಾವ."

"ಇರ್ಲಿ. ದಡ್ಡಿ ತುಂಬ ಕುರಿ ಇದ್ವು. ಅದರಾಗ ನನ್ನ ಚಿಕ್ಕೀನ ಯಾಕ ಒಯ್ದಿದ್ರಿ?"

ಪ್ರಭುಲಿಂಗಪ್ಪನಿಗೆ ಒಮ್ಮೆಲೆ ಟಗರಿನ ಕಿವಿಯಲ್ಲಿ ಉಣ್ಣಿ ಹುಳ ಕಂಡಿತು. ಅದನ್ನು ಕೀಳುವುದರಲ್ಲಿ ಅವನು ಬಹಳ ಹೊತ್ತು ತೊಡಗಿಕೊಂಡ.

ಅವನು ಹೇಳಿದ್ದೆಲ್ಲ ಖರೇ ಇತ್ತು. ಹೇಳದೆ ಬಿಟ್ಟದ್ದು ಇಷ್ಟು.

ಹೊಳೆಆಲೂರಿನಲ್ಲಿ ಒಂದು ಕಲ್ಯಾಣಮಂಟಪದ ಹಿಂದಿನ ಬಯಲಿನಲ್ಲಿ ಕುರಿ ಸಾಕುವವರಿಗೆ ತರಬೇತಿ ಇಟ್ಟಿದ್ದರು. ಮರಿ ಹಾಕಿಸುವ ಕ್ರಮ, ಮಂದೆಯನ್ನು ಲಾಭದಲ್ಲಿ ನಡೆಸುವ ಕ್ರಮ ಎಂದು ಬ್ಯಾನರಿನಲ್ಲಿ ಬರೆದಿತ್ತು. ಬಂದವರು ಮೊದಲು ನೋಡಿದ್ದು ಊಟದ ಪಾತ್ರೆಗಳನ್ನು, ಆಮೇಲೆ ಒಬ್ಬರ ಮುಖವನ್ನೊಬ್ಬರು. ಪುಕ್ಕಟೆ ಊಟ ಹಾಕಿ ನಿಮ್ಮ ಬಳಿ ಎಷ್ಟು ಕುರಿ ಇವೆ ಎಂದು ಕೇಳುವವರ ಹೊಟ್ಟೆಯಲ್ಲಿ ಏನಿದೆಯೋ ಯಾರಿಗೆ ಗೊತ್ತು. ಎಲ್ಲರೂ ಇದ್ದುದರ ಅರ್ಧ ಹೇಳಿದರು. ತರಬೇತಿ ಕೊಡಲು ಬಂದ ಡಾಕ್ಟರ್ ಶಾಂಭವಿ ನರಗುಂದದ ಕಡೆಯವಳೇ. ಎಲ್ಲವನ್ನೂ ಮನಸ್ಸಿನಲ್ಲೇ ದುಪ್ಪಟ್ಟು ಮಾಡಿಕೊಂಡು ಮುಂದುವರಿದಳು.

"ಹೆಣ್ಣುಮಕ್ಕಳು ಯಾರೂ ಬಂದಿಲ್ಲಲ್ಲ?" ಎಂದು ಕೇಳಿದಳು.

"ಅವ್ರು ಬಂದ್ರ ಕುರಿ ನೋಡ್ಕೊಳ್ಳೋರು ಯಾರ್ರಿ ಮೇಡಂ?" ಎಂದ ಒಬ್ಬ. ಡಾಕ್ಟರು ನಕ್ಕದ್ದು ಯಾಕೆಂದು ಅವನಿಗೆ ಹೊಳೆಯಲಿಲ್ಲ.

ಹೊಟ್ಟೆಯೊಳಗಿನ ಮರಿ ತೋರಿಸುವ ಯಂತ್ರ ಹೊರಬಂದಾಗ ಇನ್ನೊಬ್ಬ ಎದ್ದು ನಿಂತ. "ಇದು ನಡೀತೈತೇನ್ರಿ? ದವಾಖಾನ್ಯಾಗ ಬೋರ್ಡ್ ಹಾಕ್ಯಾರ, ಗಂಡೋ ಹೆಣ್ಣೋ ಕೇಳೋದು ಗುನ್ಹೆ ಅಂತ."

"ಗಂಡೋ ಹೆಣ್ಣೋ ಹೇಳೂದಿಲ್ಲ. ಒಂದೋ ಎರಡೋ ಹೇಳ್ತೀನಿ, ಕೂಡ್ರಿ."

ಅವಳ ಪಾಠದಲ್ಲಿ ಬಹಳ ವಿಷಯಗಳಿದ್ದವು. ಅವಳಿ ಹೊತ್ತ ಕುರಿಯನ್ನು ಬೇರೆ ಕಟ್ಟಿ, ಕಾಳು ಜಾಸ್ತಿ ಕೊಡಿ, ದಿನ ಹತ್ತಿರ ಬಂದಾಗ ಕಣ್ಣು ತೆಗೆಯಬೇಡಿ. ಹಲ್ಲು ಸವೆದ, ಬರೀ ತಿಂದು ಕೂಡುವ ಹಳೇ ಕುರಿಯನ್ನು ಮಾರಿಬಿಡಿ. ಟಗರನ್ನು ಎರಡು ವರ್ಷಕ್ಕೊಮ್ಮೆ ಬದಲಿಸಿ, ಇಲ್ಲದಿದ್ದರೆ ತನ್ನ ಮಕ್ಕಳನ್ನೇ ಕೂಡಿ ಮಂದೆ ಸೊರಗುತ್ತದೆ. ಪ್ರಭುಲಿಂಗಪ್ಪ ಇದರಲ್ಲಿ ಹಳೇ ಕುರಿಯ ಮಾತನ್ನಷ್ಟೇ ಆಯ್ದುಕೊಂಡ. ಟಗರಿನ ಮಾತು ಬಂದಾಗ ನೀರು ಕುಡಿಯಲು ಎದ್ದು ಹೋಗಿದ್ದ. ಚಿಕ್ಕಿಯನ್ನು ಅವನು ಒಯ್ದದ್ದೇ ಆ ಕಾರಣಕ್ಕೆ: ಇದು ಇನ್ನು ಕೆಲಸಕ್ಕೆ ಬಾರದು ಎಂದು ಡಾಕ್ಟರ ಬಾಯಿಂದ ಒಂದು ಮಾತು ಹೇಳಿಸಿಕೊಂಡು ಬಂದರೆ, ಹೆಂಡತಿಯ ಮುಂದೆ ಅದನ್ನು ತಾನೇ ಹೇಳುವ ಕಷ್ಟ ತಪ್ಪುತ್ತದೆ. ಡಾಕ್ಟರು ಹಲ್ಲು ನೋಡಿದಳು, ಯಂತ್ರ ಹಚ್ಚಿದಳು, ನಕ್ಕು ಕೆಂಪು ಗೆರೆ ಎಳೆದಳು. ಅವಳ ಚೀಲದಲ್ಲಿ ಇದ್ದದ್ದು ಅದೊಂದೇ ಬಣ್ಣ.

ಕಲ್ಲವ್ವ ಆ ಗೆರೆಯನ್ನು ಸೀಗೆಪುಡಿಯಿಂದ ತೊಳೆದಳು, ಚಿಮಣಿ ಎಣ್ಣೆಯಿಂದ ತಿಕ್ಕಿದಳು. ಗೆರೆ ಹೋಗಲಿಲ್ಲ, ಹರಡಿ ಗುಲಾಬಿಯಾಯಿತು. ಆಮೇಲೆ ಅವಳು ಚಿಕ್ಕಿಯನ್ನು ದಡ್ಡಿಯಿಂದ ಬಿಚ್ಚಿ ಅಡುಗೆಮನೆಯ ಹಿಂಬಾಗಿಲಿಗೆ ತಂದು ಕಟ್ಟಿದಳು. ರೊಟ್ಟಿ ಬಡಿಯುತ್ತ ನೋಡಿದರೂ ಕಾಣಬೇಕು. ಮಂದೆಯ ಜೊತೆ ಹೊಳೆದಂಡೆಗೆ ಮೇಯಲು ಬಿಡಲಿಲ್ಲ. ಅಲ್ಲಿಂದ ರಸ್ತೆ ಏನು ಮಹಾ ದೂರ, ಗಾಡಿಗೆ ಹೇರಲು ಎಷ್ಟು ಹೊತ್ತು. ಕಟ್ಟಿದಲ್ಲೇ ಜೋಳ, ಶೇಂಗಾ ಹೊಟ್ಟು, ತೊಗರಿ ನುಚ್ಚು ಹಾಕಿದಳು. ಅವಳಿ ಹೊತ್ತ ಕುರಿಯ ಬಗ್ಗೆ ಡಾಕ್ಟರು ಹೇಳಿದ್ದನ್ನೆಲ್ಲ ಆ ಊರಿನಲ್ಲಿ ಅಕ್ಷರಶಃ ಪಾಲಿಸಿದವಳು, ಡಾಕ್ಟರ ಒಂದು ಮಾತನ್ನೂ ಕೇಳದಿದ್ದ ಮತ್ತು ನಂಬದಿದ್ದ ಇವಳೊಬ್ಬಳೇ.

ವಾರಗಳು ಕಳೆದವು, ಗಾಡಿ ಬರಲಿಲ್ಲ. ಸಂಶಯ ಇದರಿಂದ ಬಡವಾಗಬೇಕಿತ್ತು, ಮೈ ತುಂಬಿಕೊಂಡಿತು. ಮೊದಲು ಗಾಡಿ ತುಂಬಿಲ್ಲ ಅಂದುಕೊಂಡಳು. ಆಮೇಲೆ ಹೊಟ್ಟೆ ನೋಡಿ, ಮರಿ ಹಾಕಲಿ ಎಂದು ಕಾಯುತ್ತಿದ್ದಾರೆ, ಒಂದರ ಜೊತೆ ಮತ್ತೊಂದು ಒಯ್ಯುವ ಲೆಕ್ಕ ಅಂದುಕೊಂಡಳು.

ಅಷ್ಟರಲ್ಲಿ ಗೌಸುಸಾಬನೇ ಬಂದ. ಅವನಿಗೂ ಒಂದು ಸಂಶಯವಿತ್ತು. ತನ್ನ ಬಣ್ಣವನ್ನು ಯಾರೋ ಈ ಊರಿನಲ್ಲಿ ಬಳಸುತ್ತಿದ್ದಾರೆಂದು ಅವನಿಗೆ ಸಂತೆಯಲ್ಲಿ ಸುದ್ದಿ ಮುಟ್ಟಿತ್ತು. ಬೈಕ್ ನಿಲ್ಲಿಸಿ, ಪ್ರಭುಲಿಂಗಪ್ಪನನ್ನು ಬೇವಿನ ಗಿಡದ ಬುಡಕ್ಕೆ ಕರೆದೊಯ್ದು, ತಗ್ಗಿದ ದನಿಯಲ್ಲಿ ವಿಚಾರಿಸಿದ. ಹಿಂಬಾಗಿಲಿನಿಂದ ನೋಡುವವರಿಗೆ ಅದು ವ್ಯಾಪಾರ ಕುದುರಿಸಿದಂತೆಯೇ ಕಾಣುತ್ತಿತ್ತು. ಹೋಗುವಾಗ ಅವನು ಚಿಕ್ಕಿಯ ಬಳಿ ಬಗ್ಗಿ ಗೆರೆ ನೋಡಿದ.

"ಕೈ ಹಚ್ಚಬ್ಯಾಡ್ರಿ ಸಾಬ್ರ," ಎಂದಳು ಕಲ್ಲವ್ವ. ಕೈಯಲ್ಲಿ ಕುಡುಗೋಲು ಇತ್ತು. ಮೇವು ಕೊಯ್ಯಲೆಂದು ಹಿಡಿದದ್ದೇ ಇರಬಹುದು.

"ನಾ ಬರೇ ನೋಡಾಕತ್ತೀನಿ ಯವ್ವಾ."

"ನೋಡಿದ್ದ ಸಾಕು."

ಗೌಸುಸಾಬ ಕುರಿ ನೋಡಿದ, ಕುಡುಗೋಲು ನೋಡಿದ, ಬೈಕಿನತ್ತ ನಡೆದ.

ಚಿಕ್ಕಿಗೆ ನೋವು ಶುರುವಾದದ್ದು ಒಂದು ಮಧ್ಯಾಹ್ನ. ದಡ್ಡಿಯಲ್ಲಿದ್ದಿದ್ದರೆ, ಹೊಳೆದಂಡೆಯಲ್ಲಿದ್ದಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಕಲ್ಲವ್ವ ಕೂಡಲೇ ಕಂಡಳು. ಅದು ನೆಲ ಕೆರೆಯಿತು, ಮಲಗಿತು, ಎದ್ದಿತು, ಮತ್ತೆ ಮಲಗಿತು. ಮರಿಯ ಮೂತಿಯೂ ಒಂದು ಕಾಲೂ ಕಂಡವು. ಅದಕ್ಕಿಂತ ಮುಂದೆ ಏನೂ ಬರಲಿಲ್ಲ. ಚಿಕ್ಕಿ ತಿಣುಕಿ ತಿಣುಕಿ ಕಣ್ಣು ಮೇಲೆ ಮಾಡಿತು.

"ನೀವು ಟ್ರೇನಿಂಗಿಗೆ ಹೋದವ್ರಲ್ಲ, ಏನ್ ಮಾಡಬೇಕು ಹೇಳ್ರಿ," ಎಂದು ಕಲ್ಲವ್ವ ಗಂಡನನ್ನು ಕರೆದಳು.

ಪ್ರಭುಲಿಂಗಪ್ಪನಿಗೆ ಆ ಪಾಠದ ಹೊತ್ತಿಗೆ ಊಟ ಆಗಿತ್ತು, ನಿದ್ದೆಯೂ ಬಂದಿತ್ತು. ಅವನು ಡಾಕ್ಟರಿಗೆ ಫೋನ್ ಹಚ್ಚಿದ. ಸ್ಪೀಕರ್ ಹಾಕಿ ನೆಲದ ಮೇಲಿಟ್ಟ.

"ಒಂದ ಕಾಲು ಕಾಣ್ತೈತಾ? ಇನ್ನೊಂದು ಹಿಂದ ಮಡಚಿಕೊಂಡೈತಿ," ಎಂದಳು ಶಾಂಭವಿ. "ಜಗ್ಗಬ್ಯಾಡ್ರಿ. ಯಾರ ಕೈ ಸಣ್ಣದು?"

ಕಲ್ಲವ್ವ ಬಳೆ ತೆಗೆದಿಟ್ಟು, ಕೈಗೆ ಸಾಬೂನು ಹಚ್ಚಿಕೊಂಡಳು.

"ನೋವು ನಿಂತಾಗ ಮರೀನ ಸಾವಕಾಶ ಒಳಗ ನೂಕ್ರಿ. ಎದಿ ಹಿಡಿದು ಕೆಳಗ ಹೋಗ್ರಿ. ಮೊಣಕಾಲು ಸಿಕ್ತೇನು?"

"ಸಿಕ್ತು."

"ಗೊರಸನ್ನ ಅಂಗೈಯಾಗ ಮುಚ್ಚಿ ಮುಂದಕ್ಕ ತರ್ರಿ, ಒಳಗ ಪರಚಬಾರದು. ಈಗ ಅದು ತಿಣುಕಿದಾಗ ನೀವು ಜಗ್ರಿ. ಕೆಳಮುಖ ಮಾಡಿ."

ಮರಿ ಜಾರಿ ಹೊರಬಂತು, ಹಳದಿ ಲೋಳೆಯಲ್ಲಿ ಸುತ್ತಿಕೊಂಡು, ಅಲ್ಲಾಡದೆ. ಕಲ್ಲವ್ವ ಸೆರಗಿನಿಂದ ಮೂಗು ಒರೆಸಿ, ಹುಲ್ಲಿನಿಂದ ಎದೆ ತಿಕ್ಕಿದಳು. ಅದು ಸೀನಿತು. ಚಿಕ್ಕಿ ಕತ್ತು ಹೊರಳಿಸಿ ನೆಕ್ಕತೊಡಗಿತು. ಸ್ವಲ್ಪ ಹೊತ್ತಿಗೆ ಎರಡನೆಯದು ಯಾರ ಸಹಾಯವೂ ಇಲ್ಲದೆ, ನಾಚಿಕೆಗೆಟ್ಟ ನೆಂಟನಂತೆ ತಾನಾಗಿ ಬಂತು. ಮೊದಲಿನದು ಹೆಣ್ಣು. ಹಣೆಯ ಮೇಲೆ ಬಿಳಿ ಬೊಟ್ಟು.

ಎರಡು. ಕಲ್ಲವ್ವ ಗಂಡನ ಮುಖ ನೋಡಿದಳು. ಹಾಗಾದರೆ ಗೆರೆ ಖರೇ ಇತ್ತು. ಅವಳು ಏನಾದರೂ ಒಳ್ಳೆಯ ಮಾತು ಆಡುವವಳಿದ್ದಳೋ ಏನೋ; ನೆಲದ ಮೇಲಿನ ಫೋನು ಮೊದಲು ಮಾತಾಡಿತು.

"ನೋಡ್ರಿ ಪ್ರಭುಲಿಂಗಪ್ಪಾರ, ಇದನ್ನ ಮಾರ್ತೀನಿ ಅಂತಿದ್ರಿ ಅವತ್ತು. ಹಲ್ಲು ಹೋಗ್ಯಾವ, ಸುಮ್ನ ತಿಂತೈತಿ, ಮಾರು ಅಂತ ನೀವ ಹೇಳಿಬಿಡ್ರಿ ಅಂತಿದ್ರಿ ನನಗ."

 ಬೇಲಿಯ ಆಚೆ ಫಕೀರವ್ವನ ಬೀಸುವ ಕಲ್ಲು ನಿಂತಿತು.

ಕಲ್ಲವ್ವ ಒದ್ದೆ ಕೈಯಲ್ಲೇ ಫೋನ್ ಎತ್ತಿಕೊಂಡಳು. "ಮೇಡಂ, ಅವತ್ತು ಇವ್ರಿಗೆ ಮತ್ತೇನೇನು ಹೇಳಿದ್ರಿ?"

"ಎಲ್ಲಾ ಹೇಳೀನಲ್ರಿ. ಟಗರು ಬದಲಿ ಮಾಡಬೇಕು ಅಂದಿದ್ದೆ. ಮಾಡ್ಯಾರಲ್ಲ?"

ಗೌಸುಸಾಬ ಮುಂದಿನ ಸಲ ಬಂದಾಗ ಕಲ್ಲವ್ವ ಕುಡುಗೋಲು ಹಿಡಿದಿರಲಿಲ್ಲ, ಚಹಾ ತಂದಳು. ಅದನ್ನು ಅವನು ಸಂಶಯದಿಂದಲೇ ಕುಡಿದ. ಆಮೇಲೆ ಅವಳು ಅವನನ್ನು ಟಗರಿನ ಹತ್ತಿರ ಕರೆದೊಯ್ದಳು. ಪ್ರಭುಲಿಂಗಪ್ಪ ತನ್ನ ಪಾಲಿನ ತತ್ತಿಯನ್ನೂ ತಿನ್ನಿಸಿ ಬೆಳೆಸಿದ ಆ ಟಗರಿನ ಬೆನ್ನಿನ ಮೇಲೆ, ಬಾಲದಿಂದ ಒಂದು ಗೇಣು ಮುಂದೆ, ಕೆಂಪು ಗೆರೆ ಎಳೆದಿತ್ತು. ಗೌಸುಸಾಬ ಬೆರಳು ಹಚ್ಚಿ ಮೂಸಿ ನೋಡಿದ. ಕುಂಕುಮವನ್ನು ಎಣ್ಣೆಯಲ್ಲಿ ಕಲಸಿದ್ದು.

"ಇದು ನನ್ನ ಬಣ್ಣ ಅಲ್ಲ ಯವ್ವಾ."

"ನನ್ನದು," ಎಂದಳು ಕಲ್ಲವ್ವ. "ನಿಮ್ಮ ಗಾಡಿ ತುಂಬಿದಾಗ ಬರ್ರಿ."

ಪ್ರಭುಲಿಂಗಪ್ಪ ಅಡ್ಡ ಬಂದ. ಟಗರು ಬದಲಿಸು ಎಂದು ಡಾಕ್ಟರೇ ಹೇಳಿದ್ದು ಎಂದು ಹೆಂಡತಿ ಹೇಳುತ್ತಾಳೆ, ಅದು ಖರೇ ಎಂದು ನೆನಪಾಗಿ, ಟಗರಿನ ಹಗ್ಗ ಬಿಗಿ ಮಾಡತೊಡಗಿದ.

ಅಂದಿನಿಂದ ಅವನು ಮಲಗುವ ಹೊರಸು ದಡ್ಡಿಯ ಬಾಗಿಲಿಗೆ ಅಡ್ಡ ಬಿದ್ದಿದೆ. ರಸ್ತೆಯಲ್ಲಿ ಗಾಡಿಯ ಸದ್ದು ಕೇಳಿದರೆ ಎದ್ದು ಕೂತು, ಅದು ಹೊಳೆಆಲೂರಿನ ಕಡೆ ಹೊರಳಿ ಹೋಗುವ ತನಕ ಟಗರಿನ ಕೊರಳ ಮೇಲೆ ಕೈ ಇಟ್ಟುಕೊಂಡಿರುತ್ತಾನೆ. ಕಲ್ಲವ್ವ ಅವನ ಚಹಾವನ್ನು ಅಲ್ಲಿಗೇ ತಂದಿಟ್ಟು, ಮರಿಗಳನ್ನು ನೋಡಲು ಹಿಂಬಾಗಿಲಿಗೆ ಹೋಗುತ್ತಾಳೆ.