ಹೆಗಲು ಮೇಷ್ಟ್ರು ತುಂಬಿದ ಮರಳು

ಹೆಗಲು ಮೇಷ್ಟ್ರು ಎಂದರೆ ಇಡೀ ದಂಡಿಗೆ ಗೊತ್ತು. ಅವರ ಹುದ್ದೆಯ ಸರಿಯಾದ ಹೆಸರು ಒಂದೂವರೆ ಸಾಲು ಉದ್ದವಿದೆ. ಅದನ್ನು ಹೇಳಿ ನಿಮ್ಮ ತಲೆ ತಿನ್ನುವುದಿಲ್ಲ. ಸತ್ತ ಸೈನಿಕನ ಪೆಟ್ಟಿಗೆಯನ್ನು ಆರು ಜನ ಹೊತ್ತು ನಿಧಾನ ಹೆಜ್ಜೆಯಲ್ಲಿ ಬರುತ್ತಾರಲ್ಲ, ಆ ಆರು ಜನರನ್ನು ತಯಾರು ಮಾಡುವುದು ಅವರ ಕೆಲಸ. ಹತ್ತೊಂಬತ್ತು ವರ್ಷದಿಂದ ಅದೊಂದೇ ಕೆಲಸ. ಬೆಳಿಗ್ಗೆ ಹುಡುಗರನ್ನು ಗೋಡೆಗೆ ಒರಗಿಸಿ ಹೆಗಲಿನ ಎತ್ತರ ಅಳೆಯುವುದು, ಬೆರಳಗಲ ಹೆಚ್ಚುಕಮ್ಮಿ ಇದ್ದವನನ್ನು ಮುಲಾಜಿಲ್ಲದೆ ವಾಪಸು ಕಳಿಸುವುದು, ಉಳಿದವರ ಜೀವ ಹಿಂಡುವುದು.

"ಏನ್ರೋ ಅದು ನಡಿಗೆ? ಸಂತೆಗೆ ಹೊರಟಿದ್ದೀರಾ?" ಎಂದು ಕವಾಯತು ಮೈದಾನದ ಆ ತುದಿಗೂ ಕೇಳಿಸುವಂತೆ ಗದರುತ್ತಿದ್ದರು. "ಒಳಗೆ ಮಲಗಿರೋನಿಗೆ ಎಚ್ಚರ ಆಗಬಾರದು. ಹಾಗೆ ನಡೀರಿ."

ಹುಡುಗರು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಮೇಷ್ಟ್ರು ಮನೆಯಲ್ಲಿ ಹೆಂಡತಿಯ ಹಿಂದೆಯೂ ಹೆಜ್ಜೆ ಎಣಿಸಿಕೊಂಡೇ ನಡೆಯುತ್ತಾರಂತೆ ಎಂದು ಯಾರೋ ಹುಟ್ಟಿಸಿದ್ದರು. ಆಡಿಕೊಳ್ಳಲಿ ಬಿಡಿ. ಆದರೆ ಹೊರಗಿನವರು ಬಂದು "ಏನಿದೆ ಮಹಾ, ಹೊತ್ತುಕೊಂಡು ಹೋಗೋದು ತಾನೇ?" ಎಂದರೆ ಮಾತ್ರ ಮೇಷ್ಟ್ರಿಗೆ ಮೈಯೆಲ್ಲ ಉರಿಯುತ್ತಿತ್ತು. ನನಗೂ ಉರಿಯುತ್ತದೆ. ಹೊತ್ತು ನೋಡಿ, ಆಮೇಲೆ ಮಾತಾಡಿ.

ಈ ಕೆಲಸದಲ್ಲಿ ಭಾರಕ್ಕಿಂತ ಹಗುರವೇ ಕಷ್ಟ. ಭಾರದ ಪೆಟ್ಟಿಗೆ ಹೆಗಲಿಗೆ ಕಚ್ಚಿ ಕೂರುತ್ತದೆ. ಆರೂ ಜನರ ಹೆಜ್ಜೆಯನ್ನು ಅದೇ ಕಟ್ಟಿ ಹಾಕುತ್ತದೆ. ಹಗುರದ್ದು ಹೆಜ್ಜೆಹೆಜ್ಜೆಗೂ ಕುಣಿಯುತ್ತದೆ. ಏಳು ವರ್ಷದ ಹಿಂದೆ ಒಮ್ಮೆ ಹಾಗೆಯೇ ಆಯಿತು. ಬಂದದ್ದು ಹೆಸರಿಗೆ ಮಾತ್ರ ಪೆಟ್ಟಿಗೆ, ಒಳಗೆ ಏನೂ ಇರಲಿಲ್ಲ ಎಂದರೂ ನಡೆಯುತ್ತದೆ. ಹೆಗಲ ಮೇಲೆ ಅದು ಎದ್ದೆದ್ದು ಬಿತ್ತು. ಮುಂದಿನ ಸಾಲಿನಲ್ಲಿ ನಿಂತಿದ್ದ ತಾಯಿ ಅದನ್ನು ನೋಡಿಬಿಟ್ಟಳು. "ಅಯ್ಯೋ, ಖಾಲಿ! ಖಾಲಿ ಪೆಟ್ಟಿಗೆ ತಂದಿದ್ದಾರೆ!" ಎಂದು ಕೂಗಿಕೊಂಡವಳನ್ನು ನಾಲ್ಕು ಜನ ಹಿಡಿದುಕೊಳ್ಳಬೇಕಾಯಿತು. ಅವತ್ತು ಮನೆಗೆ ಹೋದ ಮೇಷ್ಟ್ರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಆಮೇಲೆ ಅವರು ಒಂದು ಕೆಲಸ ಶುರುಮಾಡಿದರು. ಯಾವ ನಿಯಮದ ಪುಸ್ತಕದಲ್ಲೂ ಅದು ಇಲ್ಲ. ಹಗುರದ ಪೆಟ್ಟಿಗೆ ಬಂದರೆ, ಸತ್ತವನ ಆರೋಗ್ಯದ ಕಾರ್ಡಿನಲ್ಲಿ ಬರೆದ ತೂಕ ನೋಡಿ, ಕಮ್ಮಿ ಬಿದ್ದಷ್ಟು ಮರಳನ್ನು ಬಟ್ಟೆಯ ಚೀಲಗಳಲ್ಲಿ ಹೊಲಿದು ಒಳಗಿಡುವುದು. ಈ ವಿಷಯ ಗೊತ್ತಿದ್ದದ್ದು ದಂಡಿನ ಬಡಗಿಗೆ ಮಾತ್ರ. ಅವನ ಬಾಯಿಗೆ ಬೀಗ. ಎರಡು ಸಲ ಹಾಗೆ ಮಾಡಿದ್ದರು, ಎರಡು ಸಲವೂ ಯಾರಿಗೂ ಅನುಮಾನ ಬರಲಿಲ್ಲ.

ಈಗ ಮೂರನೆಯ ಸಲ. ದೂರದ ಠಾಣೆಯೊಂದರಲ್ಲಿ ಮದ್ದುಗುಂಡಿನ ಉಗ್ರಾಣ ಸಿಡಿದು, ಬಾಗಿಲಲ್ಲಿ ಕಾವಲಿದ್ದ ಇಪ್ಪತ್ತಮೂರು ವರ್ಷದ ಹುಡುಗ ಹೋಗಿಬಿಟ್ಟಿದ್ದ. ಪೆಟ್ಟಿಗೆಯ ಜೊತೆ ಬಂದ ಸಾಗಣೆ ಚೀಟಿಯನ್ನು ಮೇಷ್ಟ್ರು ಓದಿದರು. ಒಟ್ಟು ನಲವತ್ತೊಂದು ಕೆಜಿ. ಖಾಲಿ ಪೆಟ್ಟಿಗೆಯೇ ಮೂವತ್ತೆಂಟು.

"ಎಷ್ಟು ಬೇಕು ಮೇಷ್ಟ್ರೇ?" ಎಂದ ಬಡಗಿ.

"ಅರವತ್ತೈದು." ಹುಡುಗನ ಕಾರ್ಡಿನಲ್ಲಿ ಅರವತ್ತೆಂಟು ಎಂದಿತ್ತು.

ಬಡಗಿ ಲೆಕ್ಕ ಹಾಕಿದ. ಮುಖ ಆ ಕಡೆ ತಿರುಗಿಸಿಕೊಂಡು ಮೊಳೆ ಹುಡುಕುವವನ ಹಾಗೆ ಸುಮ್ಮನೆ ಡಬ್ಬ ಕೆದಕಿದ. ಇಬ್ಬರೂ ಸೇರಿ ಮುಚ್ಚಳ ಬಿಚ್ಚಿದರು. ಒಳಗೆ ಬಿಳಿ ಬಟ್ಟೆಯ ಒಂದು ಗಂಟು, ಅಷ್ಟೇ. ಅಷ್ಟುದ್ದದ ಪೆಟ್ಟಿಗೆಯಲ್ಲಿ ಒಂದು ಮೂಲೆಗೆ ಸರಿದು ಕೂತಿತ್ತು. ಮೇಷ್ಟ್ರು ಅದನ್ನು ಎರಡೂ ಕೈಯಲ್ಲಿ ಎತ್ತಿ ಎದೆ ಬರುವ ಜಾಗದಲ್ಲಿಟ್ಟರು, ಸುತ್ತ ಮರಳಿನ ಚೀಲಗಳನ್ನು ಒತ್ತಿ ಜೋಡಿಸಿದರು, ಸಂದಿಗಳಿಗೆ ಹತ್ತಿ ತುರುಕಿದರು. ಮುಚ್ಚಳ ಮುಚ್ಚಿ, ಮುದ್ರೆ ಹಾಕಿ, ಮೇಲೆ ಬಾವುಟ ಹೊದಿಸಿದರು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಹುಡುಗನ ತಂದೆ ತಾಯಿ ಬಂದರು. ಕಾಯುವ ಕೋಣೆಯ ಮರದ ಬೆಂಚಿನ ತುದಿಯಲ್ಲಿ ಇಬ್ಬರೂ ಕೂತಿದ್ದರು, ಪೂರ್ತಿ ಬೆಂಚು ಖಾಲಿ ಇದ್ದರೂ. ಎದುರಿಗೆ ಕ್ಯಾಪ್ಟನ್ ಸಾಹೇಬರು ಟೋಪಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ಒಳ್ಳೆಯ ಮನುಷ್ಯ, ಆದರೆ ಅಳುವವರ ಮುಂದೆ ನಿಂತರೆ ಏನು ಕೇಳಿದರೂ ಹೂಂ ಎನ್ನುವ ಜಾತಿ.

"ಮುಖ ನೋಡೋ ಹಾಗಿಲ್ಲ ಅಂದ್ರಿ. ಆಯ್ತಪ್ಪ, ನೋಡಲ್ಲ," ಎಂದಳು ತಾಯಿ. "ಒಂದೇ ಒಂದು ಹೇಳಿಬಿಡಿ. ನನ್ನ ಮಗ ಪೂರ್ತಿ ಇದ್ದಾನಾ?"

"ಹೂಂ ಅಮ್ಮ. ಇದ್ದಾನೆ," ಎಂದರು ಕ್ಯಾಪ್ಟನ್.

ಅವಳಿಗೆ ಸಮಾಧಾನವಾಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರ ಕಡೆ ತಿರುಗಿ ಅದನ್ನೇ ಕೇಳಿದಳು. ಮೇಷ್ಟ್ರೂ ತಲೆಯಾಡಿಸಿದರು. ನೀರು ತಂದುಕೊಟ್ಟ ಜವಾನನನ್ನೂ ಕೇಳಿದಳು. ಆ ಒಂದು ಮಾತನ್ನು ಯಾರಾದರೂ ನಂಬುವ ಹಾಗೆ ಹೇಳಿದರೆ ಸಾಕು, ಉಳಿದದ್ದನ್ನು ಹೇಗೋ ಹೊತ್ತುಕೊಂಡು ಮನೆಗೆ ಹೋಗುತ್ತಾಳೆ ಎನ್ನುವುದು ಅವಳ ಮುಖದಲ್ಲಿ ಕಾಣುತ್ತಿತ್ತು. ಯಾರು ಹೇಳಿದರೂ ಅವಳು ನಂಬುತ್ತಿರಲಿಲ್ಲ.

ಪಕ್ಕದಲ್ಲಿ ಕೂತಿದ್ದ ತಂದೆ ಎದ್ದು ನಿಂತ. ಗಿಡ್ಡ ಆಳು, ಕತ್ತು ಒಂದು ಕಡೆಗೆ ವಾಲಿಕೊಂಡೇ ಬೆಳೆದಂತಿತ್ತು, ಬಲ ಹೆಗಲಿನ ಮೇಲೆ ಗಂಟು ಕಟ್ಟಿದ ಚರ್ಮ.

"ಸಾಹೇಬ್ರೇ, ನಾನೂ ಒಂದು ಹೆಗಲು ಕೊಡ್ತೀನಿ."

ಮೇಷ್ಟ್ರು ಗಡಬಡಿಸಿ ನಡುವೆ ಬಂದರು. "ಅದಕ್ಕೆ ನಿಯಮ ಇಲ್ಲ ಯಜಮಾನ್ರೇ. ಎತ್ತರ ಸರಿಹೋಗಲ್ಲ, ಹೆಜ್ಜೆ ಅಭ್ಯಾಸ ಬೇಕು..."

"ನಲವತ್ತು ವರ್ಷ ಗೂಡ್ಸ್ ಶೆಡ್ಡಲ್ಲಿ ಹಮಾಲಿ ಮಾಡಿದೀನಿ ಸ್ವಾಮಿ. ಕಂಡೋರ ಮೂಟೆ ಎಲ್ಲಾ ಹೊತ್ತೆ. ನನ್ನ ಮಗನ್ನ ಹೊರೋಕೆ ನನಗೆ ಅಭ್ಯಾಸ ಬೇಕಾ?"

ತಾಯಿ ಗಂಡನ ತೋಳು ಹಿಡಿದುಕೊಂಡಳು. ಆ ದುಃಖದಲ್ಲೂ ಅವಳ ದನಿಯಲ್ಲಿ ಒಂದು ಹೆಮ್ಮೆ. "ಹೌದು ಸಾಹೇಬ್ರೇ, ಇವರನ್ನ ಬಿಡಿ. ಶೆಡ್ಡಲ್ಲಿ ತಕ್ಕಡಿ ಕೆಟ್ಟರೆ ಇವರನ್ನೇ ಕರೀತಿದ್ರು. ಕಣ್ಣು ಮುಚ್ಚಿ ಹೆಗಲಿಗಿಟ್ಟರೆ ಸಾಕು, ಒಳಗೇನಿದೆ, ಎಷ್ಟಿದೆ, ಎಲ್ಲಾ ಹೇಳ್ತಾರೆ. ಇವರು ಹೊತ್ತು ಹೇಳಲಿ. ನಾನು ನಂಬ್ತೀನಿ."

ಮೇಷ್ಟ್ರು ಗಾಬರಿಯಿಂದ ಕ್ಯಾಪ್ಟನ್‌ರತ್ತ ಬೇಡ ಬೇಡ ಎಂದು ಕಣ್ಣಲ್ಲೇ ಸನ್ನೆ ಮಾಡಿದರು. ಆ ಪುಣ್ಯಾತ್ಮನಿಗೆ ಅರ್ಥವಾದರೆ ತಾನೇ! ಅವರಿಗೆ ಮರಳಿನ ಸುದ್ದಿಯೇ ಗೊತ್ತಿಲ್ಲ. "ಬಿಡಿ ಮೇಷ್ಟ್ರೇ, ಹೆತ್ತ ತಂದೆ. ಒಂದು ಹೆಗಲು ತಾನೇ," ಎಂದುಬಿಟ್ಟರು.

ಇನ್ನು ಅರ್ಧ ಗಂಟೆ. ಪೆಟ್ಟಿಗೆ ಆಗಲೇ ವಾಹನದ ಮೇಲಿದೆ, ಸುತ್ತ ಕಾವಲು ನಿಂತಿದೆ, ಬಿಚ್ಚುವ ಮಾತೇ ಇಲ್ಲ. ಮುದುಕನನ್ನು ಪಕ್ಕಕ್ಕೆ ಕರೆದು ನಿಜ ಹೇಳಿಬಿಡೋಣ ಎಂದು ಮೇಷ್ಟ್ರು ಎರಡು ಸಲ ಹತ್ತಿರ ಹೋದರು. ಎರಡು ಸಲವೂ ಹೆಂಡತಿ ಅವನ ಕೈ ಬಿಡಲಿಲ್ಲ. ಕೊನೆಗೆ ಎತ್ತರ ಸರಿದೂಗಿಸಲು ಒಂದು ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಅವನ ಹೆಗಲ ಮೇಲಿಡುವಾಗ ಬಾಯಿ ತೆರೆದರು. "ಯಜಮಾನ್ರೇ, ಒಂದು ವಿಷಯ..."

"ನಿಧಾನಕ್ಕೆ ನಡೀಬೇಕು, ಗೊತ್ತು ಸ್ವಾಮಿ," ಎಂದ ಮುದುಕ. "ಅವನನ್ನ ಬೀಳಿಸಲ್ಲ ನಾನು."

ಮೇಷ್ಟ್ರು ಕಂಬಳಿಯ ಮಡಿಕೆ ಸರಿಮಾಡಿ ಹಿಂದೆ ಸರಿದರು. ಹತ್ತೊಂಬತ್ತು ವರ್ಷ ಸಾವಿನ ಜೊತೆಯಲ್ಲೇ ಕೆಲಸ ಮಾಡಿದ ಮನುಷ್ಯನಿಗೆ ಒಬ್ಬ ತಂದೆಯ ಮುಂದೆ ನಾಲ್ಕು ಮಾತು ಆಡಲು ಧೈರ್ಯ ಸಾಲಲಿಲ್ಲ ನೋಡಿ. ಅವರೇ ತಮ್ಮನ್ನು ಮನಸ್ಸಿನಲ್ಲಿ ಬಾಯಿಗೆ ಬಂದ ಹಾಗೆ ಬೈದುಕೊಂಡರು.

ವಾಹನದಿಂದ ಗುಂಡಿಯವರೆಗೆ ಅರವತ್ತು ಹೆಜ್ಜೆ. ಐವರು ಸೈನಿಕರು, ಎಡಗಡೆ ಹಿಂದಿನ ಜಾಗದಲ್ಲಿ ಮುದುಕ. ಅವನ ಹಿಂದೆಯೇ ಮೇಷ್ಟ್ರು, ಬಾಯೊಳಗೇ ಆಜ್ಞೆ ಕೊಡುತ್ತ. ಪೆಟ್ಟಿಗೆ ಹೆಗಲಿಗೇರಿತು. ಮೊದಲ ನಾಲ್ಕು ಹೆಜ್ಜೆ ಮುದುಕ ತಲೆ ತಗ್ಗಿಸಿಕೊಂಡು, ಕೆನ್ನೆಯನ್ನು ಬಾವುಟಕ್ಕೆ ಒತ್ತಿಕೊಂಡು ನಡೆದ.

ಐದನೆಯ ಹೆಜ್ಜೆಗೆ ಅವನ ಕತ್ತು ಬಿಗಿಯಿತು. ಮೇಷ್ಟ್ರು ಅದನ್ನು ಕಂಡರು. ಮುದುಕ ಹೆಗಲನ್ನು ತುಸುವೇ ಕೊಡವಿದ. ಖಾಲಿ ಇದ್ದ ಕೈ ಮೇಲಕ್ಕೆ ಹೋಗಿ ಪೆಟ್ಟಿಗೆಯ ತಳವನ್ನು ಮುಟ್ಟಿತು, ತಡವಿತು, ಒಂದು ಕಡೆ ಒತ್ತಿ ನೋಡಿತು. ಹೆಗಲ ಮೇಲಿರುವುದೇನು ಎಂದು ಅವನಿಗೆ ತಿಳಿದುಹೋಯಿತು. ಆ ಬೆನ್ನನ್ನು ನೋಡಿದ ಯಾರಿಗಾದರೂ ಅದು ಗೊತ್ತಾಗುತ್ತಿತ್ತು.

ಈಗ ಕೂಗುತ್ತಾನೆ, ಈಗ ಪೆಟ್ಟಿಗೆ ಇಳಿಸಿ ನನ್ನ ಕುತ್ತಿಗೆ ಹಿಡಿಯುತ್ತಾನೆ ಎಂದು ಮೇಷ್ಟ್ರು ಕಾದರು. ಹಿಡಿಯಲಿ ಎಂದೇ ಅನ್ನಿಸಿತು ಅವರಿಗೆ. ಎದುರಿಗೆ ತಾಯಿ ಎರಡೂ ಕೈಯಲ್ಲಿ ಸೆರಗಿನ ತುದಿ ಹಿಂಡಿಕೊಂಡು ಗಂಡನ ಮುಖವನ್ನೇ ನೋಡುತ್ತಿದ್ದಳು. ಮುದುಕನೂ ಅವಳನ್ನು ನೋಡಿದ. ಒಂದು ಹೆಜ್ಜೆ ತಪ್ಪಿತು. ಆಮೇಲೆ ಹಲ್ಲು ಕಚ್ಚಿ, ಉಸಿರು ಬಿಗಿಹಿಡಿದು, ಉಳಿದ ಅಷ್ಟೂ ಹೆಜ್ಜೆಗಳನ್ನು ಐವರು ಸೈನಿಕರಿಗಿಂತ ಚೆನ್ನಾಗಿ ನಡೆದ. ಅಷ್ಟು ಮೆತ್ತಗಿನ ನಡಿಗೆಯನ್ನು ಮೇಷ್ಟ್ರು ತಮ್ಮ ಜನ್ಮದಲ್ಲಿ ಯಾರಿಗೂ ಕಲಿಸಿರಲಿಲ್ಲ.

ಪೆಟ್ಟಿಗೆ ಗುಂಡಿಗಿಳಿಯಿತು. ಬಂದೂಕುಗಳು ಮೂರು ಸಲ ಹಾರಿದವು. ಕಹಳೆ ಊದಿದ್ದು ಮುಗಿಯುವುದನ್ನೂ ಕಾಯದೆ ತಾಯಿ ಗಂಡನ ಹತ್ತಿರ ಓಡಿಬಂದಳು.

"ಹೇಳ್ರೀ. ನೀವು ಹೊತ್ತಿರಲ್ಲ, ನೀವು ಹೇಳ್ರೀ."

ಮೇಷ್ಟ್ರು ಕಣ್ಣು ಮುಚ್ಚಿಕೊಂಡರು.

"ಇದ್ದಾನೆ ಕಣೇ," ಎಂದ ಮುದುಕ. "ಪೂರ್ತಿ ಇದ್ದಾನೆ. ಏನು ಭಾರ ಅಂತೀಯ! ಮನೇಲಿದ್ದಾಗ ಇಷ್ಟು ಇರಲಿಲ್ಲ. ಇಲ್ಲಿ ಚೆನ್ನಾಗಿ ಊಟ ಹಾಕಿದ್ದಾರೆ."

"ನಿಜವಾಗ್ಲೂ?"

"ನನ್ನ ಹೆಗಲು ಯಾವತ್ತಾದರೂ ಸುಳ್ಳು ಹೇಳಿದೆಯೇನೇ?"

ಆಗ ಅವಳು ಅತ್ತಳು. ಬೆಳಿಗ್ಗೆಯಿಂದ ತಡೆಹಿಡಿದದ್ದೆಲ್ಲ ಒಡೆದು ಬಂತು. "ಪೂರ್ತಿ ಇದ್ದಾನಂತೆ, ನನ್ನ ಕಂದ ಪೂರ್ತಿ ಇದ್ದಾನಂತೆ," ಎಂದು ಕ್ಯಾಪ್ಟನ್‌ಗೆ ಹೇಳಿದಳು, ಕಹಳೆಯವನಿಗೆ ಹೇಳಿದಳು, ಒಂದು ಹಿಡಿ ಮಣ್ಣು ಹಾಕಿ ಗುಂಡಿಯ ಅಂಚಿನಲ್ಲಿ ಕೂತು ಮಗನಿಗೇ ಏನೇನೋ ಹೇಳತೊಡಗಿದಳು.

ಮುದುಕ ಕಂಬಳಿಯನ್ನು ಮಡಚಿಕೊಂಡು ಮೇಷ್ಟ್ರ ಹತ್ತಿರ ಬಂದ. ಅವನ ಮುಖ ನೋಡಲು ಮೇಷ್ಟ್ರಿಗೆ ಆಗಲಿಲ್ಲ.

"ಮರಳು," ಎಂದ ಮುದುಕ ಮೆಲ್ಲಗೆ. "ನೀವೇ ತುಂಬಿದ್ದಾ?"

"ಹೂಂ. ತಪ್ಪಾಯ್ತು ಯಜಮಾನ್ರೇ. ಆ ತಾಯಿ ಹಗುರದ ಪೆಟ್ಟಿಗೆ ನೋಡಬಾರದು ಅಂತ..." ಮೇಷ್ಟ್ರು ಕೈ ಜೋಡಿಸಿದರು. "ನಿಮಗೆ ಮೊದಲೇ ಹೇಳಬೇಕಿತ್ತು. ಬಾಯಿ ಬರಲಿಲ್ಲ."

"ಒಳ್ಳೇದೇ ಮಾಡಿದ್ರಿ. ಅವಳು ತಡ್ಕೋತಿರಲಿಲ್ಲ." ಸ್ವಲ್ಪ ಹೊತ್ತು ಗುಂಡಿಯ ಕಡೆ ನೋಡಿದ. "ಒಂದು ನಿಜ ಹೇಳಿ. ಅದರೊಳಗೆ ನನ್ನ ಮಗ ಎಷ್ಟಿದ್ದ?"

ಸುಳ್ಳು ಹೇಳಬಹುದಿತ್ತು. ಆದರೆ ಆ ಹೆಗಲಿನ ಮುಂದೆ ಎಂಥ ಸುಳ್ಳು ನಡೆದೀತು? "ಮೂರು ಕೆಜಿ," ಎಂದರು ಮೇಷ್ಟ್ರು.

ಮುದುಕ ಕಂಬಳಿಯನ್ನು ಹಾಗೇ ಕೈಯಲ್ಲಿ ಹಿಡಿದು, ಎಷ್ಟು ಎಂದು ತೂಗುವವನಂತೆ ತುಸು ಮೇಲೆ ಕೆಳಗೆ ಮಾಡಿದ.

"ಹುಟ್ಟಿದಾಗ ಮೂರೇ ಇದ್ದ ಸ್ವಾಮಿ," ಎಂದ. "ಅವತ್ತು ಅವಳಿಗೆ ಎಚ್ಚರ ಇರಲಿಲ್ಲ. ಮೊದಲು ಎತ್ಕೊಂಡಿದ್ದು ನಾನೇ."

ಕಂಬಳಿ ಕೊಟ್ಟು ಹೆಂಡತಿಯ ಪಕ್ಕಕ್ಕೆ ಹೋಗಿ ಕೂತ. ಸಾಲುಗಟ್ಟಿ ನಿಂತಿದ್ದ ಹುಡುಗರು ಹಿಂತಿರುಗುವ ಆಜ್ಞೆಗಾಗಿ ಮೇಷ್ಟ್ರನ್ನು ನೋಡುತ್ತಿದ್ದರು. ಮೇಷ್ಟ್ರು ಕಂಬಳಿಯಲ್ಲಿ ಮುಖ ಮುಚ್ಚಿಕೊಂಡು, ಅಷ್ಟೂ ಜನರ ಮುಂದೆ ಅತ್ತುಬಿಟ್ಟರು.