ನಾಲ್ಕನೆಯ ದಿಮ್ಮಿ

ನಾನು ಹೊನ್ನೆ ಮರದ ಒಂದು ದಿಮ್ಮಿ. ಮೂರು ಮೊಳ ಉದ್ದ, ದೊಡ್ಡವರ ತೊಡೆಯಷ್ಟು ದಪ್ಪ. ದೋಣಿಯನ್ನು ನೀರಿನಿಂದ ಮೇಲಕ್ಕೆ ಎಳೆಯುವಾಗ ಅದರ ಅಡಿಗೆ ಅಡ್ಡಲಾಗಿ ಹಾಕುತ್ತಾರಲ್ಲ, ಆ ಉರುಳುವ ಮರ. ಊರಿನವರು ನಮಗೆ ಬೇರೆ ಹೆಸರಿಡಲು ಹೋಗಿಲ್ಲ, ಬರೀ ‘ಮರ’ ಎನ್ನುತ್ತಾರೆ.

ಒಂದು ಮಳೆಗಾಲದ ಗಾಳಿಗೆ ಕಡಲ ದಂಡೆಯ ಹೊನ್ನೆ ಬುಡಮೇಲಾಯಿತು. ಬಚ್ಚಜ್ಜ ಅದರ ದೊಡ್ಡ ಕೊಂಬೆಯನ್ನು ಕಡಿದು ನಾಲ್ಕು ತುಂಡು ಮಾಡಿದ. ನಾಲ್ಕನೆಯದು ನಾನು. ಅಜ್ಜ ಹದಿನೈದು ದಿನ ಜಗಲಿಯಲ್ಲಿ ಕುಳಿತು ನಮ್ಮ ಗಂಟುಗಳನ್ನೆಲ್ಲ ಕೆತ್ತಿ, ಉಜ್ಜಿ, ಮೀನೆಣ್ಣೆ ಕುಡಿಸಿದ. ನನ್ನ ಸರದಿ ಬಂದಾಗ ಕೈಯಲ್ಲಿ ಸವರಿ, “ಇದ್ ಭಾರೀ ನುಣ್ಪ್ ಬಂತ್ ಕಾಣ್ ಮಗಾ” ಎಂದು ಮಗಳನ್ನು ಕರೆದು ತೋರಿಸಿದ. ಹೊಗಳಿಕೆಯ ರುಚಿ ನನಗೆ ಹತ್ತಿದ್ದು ಅಂದೇ ಇರಬೇಕು.

ಮಗಳ ಹೆಸರು ಸಾಕು. ಐದನೆಯ ಹೆಣ್ಣು ಹುಟ್ಟಿದಾಗ ಮನೆಯವರು ದೇವರಿಗೆ ಹೇಳಿದ ಮಾತನ್ನೇ ಅವಳಿಗೆ ಹೆಸರಾಗಿ ಇಟ್ಟಿದ್ದರು. ಅಕ್ಕಂದಿರು ನಾಲ್ವರೂ ಮದುವೆಯಾಗಿ ಹೋದರು. ಸಾಕು ಮಾತ್ರ ಅಪ್ಪನ ಜೊತೆ ಉಳಿದಳು. ಅಜ್ಜನ ಮಂಡಿ ಸೋತು ಕಡಲಿಗೆ ಹೋಗುವುದು ನಿಂತ ಮೇಲೆ ಅವನ ಪುಟ್ಟ ದೋಣಿಯೂ ನಾವು ನಾಲ್ಕು ಮರಗಳೂ ಅವಳ ಪಾಲಿಗೆ ಬಂದೆವು.

ಅವಳು ಕಡಲಿಗಿಳಿಯುತ್ತಿರಲಿಲ್ಲ. ಹೊಳೆ ಕಡಲನ್ನು ಸೇರುವಲ್ಲಿ, ಇಳಿತದ ಹೊತ್ತಿಗೆ ದೋಣಿ ನಿಲ್ಲಿಸಿ ಕೆಸರಿನಿಂದ ಚಿಪ್ಪುಮೀನು ಹೆಕ್ಕುತ್ತಿದ್ದಳು. ಇಬ್ಬರ ಹೊಟ್ಟೆ ನಡೆಯುತ್ತಿದ್ದುದು ಅದರಿಂದ. ದೋಣಿಯನ್ನು ದಡಕ್ಕೆ ಎಳೆಯುವ ಕ್ರಮ ಹೀಗೆ: ಮೂರು ಮರ ದೋಣಿಯ ಅಡಿಗೆ, ಒಂದು ಅದರ ಮೂತಿಯ ಮುಂದೆ. ದೋಣಿ ಮುಂದೆ ಸರಿದಂತೆ ಹಿಂದಿನ ಮರ ಹೊರಗೆ ಉಳಿಯುತ್ತದೆ. ಅದನ್ನು ಓಡಿ ತಂದು ಮುಂದೆ ಹಾಕಬೇಕು. ನಾಲ್ಕೂ ಇದ್ದರೆ ಅವಳು ಒಬ್ಬಳೇ ಎಳೆಯುತ್ತಿದ್ದಳು. ಒಂದು ಕಡಿಮೆಯಾದರೂ ದೋಣಿಯ ಮೂತಿ ಮರಳಿಗೆ ಊರಿ ನಿಂತುಬಿಡುತ್ತದೆ.

ನಾನು ಲೋಕವನ್ನು ಕಂಡದ್ದೆಲ್ಲ ಕೆಳಗಿನಿಂದ. ಜನರನ್ನು ಹಿಮ್ಮಡಿಯಿಂದ, ದೋಣಿಗಳನ್ನು ಹೊಟ್ಟೆಯಿಂದ ಗುರುತಿಸುತ್ತಿದ್ದೆ. ಸಾಕುವಿನ ದೋಣಿಯ ಹೊಟ್ಟೆ ತೇಪೆಗಳಿಂದ ತುಂಬಿತ್ತು. ಅದು ಮೈಮೇಲೆ ಹಾಯುವಾಗ ಚಿಪ್ಪಿನ ಚೂರುಗಳು ನನ್ನನ್ನು ಗೀರುತ್ತಿದ್ದವು. ದಂಡೆಯಲ್ಲಿ ಬಿದ್ದುಕೊಂಡು, ದೂರದ ಬಂದರಿಗೆ ಹೋಗುವ ದೊಡ್ಡ ದೋಣಿಗಳನ್ನು ನೋಡುತ್ತಾ ನಾನು ಕನಸು ಕಾಣುತ್ತಿದ್ದೆ. ಅಂಥದ್ದೊಂದನ್ನು ಹೊತ್ತರೆ ಹೇಗಿರಬಹುದು?

ಆ ವರ್ಷ ಚಂಡಮಾರುತ ಬರುತ್ತದೆಂದು ಬೆಳಿಗ್ಗೆಯೇ ರಿಕ್ಷಾದಲ್ಲಿ ಮೈಕು ಕಟ್ಟಿಕೊಂಡು ಸಾರಿದರು. ಸಂಜೆಯೊಳಗೆ ಎಲ್ಲರೂ ಶಾಲೆಗೆ ಹೋಗಬೇಕಂತೆ. ಆಕಾಶ ಮಾತ್ರ ತೊಳೆದಿಟ್ಟ ಹಾಗಿತ್ತು. ಆದರೂ ಕೇರಿಯಲ್ಲಿ ಕಾಲುಗಳು ಓಡಿದವು. ಗಂಡಸರು ಹೆಂಚಿನ ಮೇಲೆ ಮರಳಿನ ಚೀಲ ಏರಿಸಿದರು. ಹೆಂಗಸರು ಅರೆ ಒಣಗಿದ ಮೀನನ್ನು ಗೋಣಿಗೆ ತುಂಬಿದರು, ರೇಷನ್ ಕಾರ್ಡನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೆರಗಿಗೆ ಕಟ್ಟಿಕೊಂಡರು. ಪಕ್ಕದ ಮನೆಯವಳು ಕೋಳಿ ಹಿಡಿಯಲು ಅಂಗಳವಿಡೀ ಸುತ್ತುತ್ತಿದ್ದರೆ ಬಚ್ಚಜ್ಜ ಜಗಲಿಯಿಂದಲೇ ಕೂಗಿದ: “ಅದ್ಕೆ ಚಂಡಮಾರ್ತದ್ ಹೆದ್ರಿಕೆ ಇಲ್ಲೆ, ನಿನ್ ಸಾರಿನ್ ಹೆದ್ರಿಕೆ!”

ಮಧ್ಯಾಹ್ನದೊಳಗೆ ಕಡಲ ಬದಿಯ ದೋಣಿಗಳೆಲ್ಲ ಮೇಲೆ ಬಂದವು. ಅವರವರ ಮರಗಳನ್ನು ಅವರವರ ದೋಣಿಯ ಅಡಿಗೇ ಬಿಗಿದು ಜನ ಶಾಲೆಯ ದಾರಿ ಹಿಡಿದರು. ಹೊಳೆಯಲ್ಲಿ ಕಟ್ಟಿದ್ದ ತನ್ನ ದೋಣಿಯನ್ನು ಎಳೆಯಲು ಸಾಕು ನಮ್ಮನ್ನು ಒಂದೊಂದಾಗಿ ಹೊರಲು ಹೊರಟಳು. ಅಷ್ಟರಲ್ಲಿ ಶೀನನ ದೋಣಿ ಬಂತು.

ಶೀನ ಇದೇ ಕೇರಿಯವನು. ಎರಡು ಎಂಜಿನಿನ ಹೊಸ ಫೈಬರ್ ದೋಣಿ ಅವನದು. ಅದು ಯಾವಾಗಲೂ ಬಂದರಿನಲ್ಲೇ ಇರುತ್ತಿದ್ದುದರಿಂದ ಅವನ ಬಳಿ ಮರಗಳೇ ಇರಲಿಲ್ಲ. ಅಂದು ಬಂದರು ತುಂಬಿಹೋಗಿ, ಆರು ಜನರ ಜೊತೆ ನೇರ ನಮ್ಮ ದಂಡೆಗೆ ನುಗ್ಗಿಸಿದ್ದ.

“ಸಾಕಕ್ಕಾ, ಮರ ಕೊಡ್ತ್ಯಾ? ಒಂದ್ ಗಳಿಗೆ!”

ಕಡಲಿನಿಂದ ಬಂದ ದೋಣಿಗೆ ಮರ ಇಲ್ಲ ಎನ್ನಬಾರದು. ಇದು ನಮ್ಮ ಕೇರಿಯ ಕಟ್ಟಳೆ. ವೈರಿಯ ದೋಣಿಯಾದರೂ ಸರಿ. ಆದರೂ ಸಾಕು ಹೊಳೆಯ ಕಡೆ ತಿರುಗಿ ನೋಡಿದಳು.

“ಅಪ್ಪಯ್ಯ, ನಮ್ ದೋಣಿ ಇನ್ನೂ ನೀರಲ್ಲೇ ಇತ್ತಲೆ?”

“ಹೊಳಿ ಎಂತ ಮಾಡ್ತಿಲ್ಲ ಮಗಾ. ತೊಟ್ಲ್ ಇದ್ದಂಗೆ ಅದ್. ಕೊಡ್, ಕೊಡ್” ಎಂದ ಅಜ್ಜ. ಕೋಲೂರಿಕೊಂಡು ಬಂದು, ಎಳೆಯುವವರಿಗೆ ತಾನೇ ಕೂಗು ಹಾಕಿದ. ಎಷ್ಟೋ ವರ್ಷದ ಮೇಲೆ ಅವನ ಗಂಟಲು ತೆರೆದಿತ್ತು.

ಹೊಸ ದೋಣಿ ನನ್ನ ಮೇಲೆ ಹತ್ತಿತು. ನುಣುಪಾದ, ತಣ್ಣನೆಯ, ಒಂದೂ ತೇಪೆಯಿಲ್ಲದ ಹೊಟ್ಟೆ. ನನ್ನ ಮೈ ಝುಮ್ಮೆಂದಿತು. ಮುಚ್ಚಿಟ್ಟು ಏನು ಪ್ರಯೋಜನ, ಅಂಥ ಸುಖ ನಾನು ಹಿಂದೆಂದೂ ಕಂಡಿರಲಿಲ್ಲ. ದೋಣಿ ಮೇಲೆ ಬಂದು ನಿಂತಾಗ ಹಿಂದುಮುಂದಿನ ಮೂರು ಮರಗಳನ್ನು ಎಳೆದು ತೆಗೆದರು, ನಾನು ಮಾತ್ರ ಅದರ ನಡುಹೊಟ್ಟೆಯ ಅಡಿಯಲ್ಲಿದ್ದೆ. ಆಗಲೇ ಮೊದಲ ಮಳೆ ಬಾಣದ ಹಾಗೆ ಅಡ್ಡಡ್ಡ ಹೊಡೆಯಿತು.

“ಶೀನಾ, ಅದೊಂದ್ ಮರ ತೆಗ್ದ್ ಕೊಡ್.”

“ಈಗ ತೆಗುಕ್ ಹೋರೆ ದೋಣಿ ವಾಲ್ತ್ ಸಾಕಕ್ಕ. ನೀನ್ ಮೂರ್ ತಕಂಡ್ ಹೋಗಿರ್. ಎಂಜಿನ್ ಮುಚ್ಚಿ ಬತ್ತೆ, ನಿನ್ ದೋಣಿ ನಾವೇ ಎತ್ತಿ ಇಡ್ತ್. ಆರ್ ಜನ ಇತ್ತ್, ಮರ ಎಂತಕೆ?”

ಸಾಕು ಮಂಡಿಯೂರಿ ನನ್ನ ತುದಿಯನ್ನು ಹಿಡಿದು ಜಗ್ಗಿದಳು. ಅವಳ ಉಸಿರು ನನಗೆ ತಾಗುತ್ತಿತ್ತು. ಮರಳನ್ನು ಉಗುರಿನಿಂದ ತೋಡಿದಳು, ಮತ್ತೆ ಜಗ್ಗಿದಳು. ನನ್ನಿಂದ ಹೊರಗೆ ಬರಲು ಆಗುತ್ತಿತ್ತೇ? ಅಷ್ಟು ಭಾರದ ಅಡಿಯಿಂದ? ಗೊತ್ತಿಲ್ಲ. ನನಗೆ ಗೊತ್ತಿರುವುದು ಇಷ್ಟೇ: ಬರಬೇಕೆಂದು ನನಗೆ ಅನಿಸಲೇ ಇಲ್ಲ. ಇನ್ನೂ ಸ್ವಲ್ಪ ಹೊತ್ತು, ಇನ್ನೂ ಸ್ವಲ್ಪ ಹೊತ್ತು ಎಂದು ಆ ಹೊಟ್ಟೆಗೆ ಒತ್ತಿಕೊಂಡೇ ಇದ್ದೆ. ಅವಳ ಅಂಗೈಗೆ ನನ್ನದೊಂದು ಸಿಬಿರು ಚುಚ್ಚಿತು. ಅವಳು ಕೈ ಕೊಡವಿ ಎದ್ದು, ಮೂರು ಮರಗಳನ್ನು ಒಂದೊಂದಾಗಿ ಹೊಳೆಯ ಬದಿಗೆ ಹೊತ್ತು ಓಡಿದಳು.

ಶೀನ ಎಂಜಿನಿಗೆ ಟಾರ್ಪಾಲು ಕಟ್ಟುವಷ್ಟರಲ್ಲಿ ಜೀಪಿನಲ್ಲಿ ಬಂದ ಪೊಲೀಸರು ಅಜ್ಜನನ್ನೂ ಅವರೆಲ್ಲರನ್ನೂ ಗದರಿಸಿ ಹತ್ತಿಸಿಕೊಂಡರು. “ಹೊಳಿ ಹತ್ರ ಒಬ್ಳ್ ಇತ್ತ್!” ಎಂದು ಅವನು ಕೂಗಿದ್ದು ಕೇಳಿತು. “ಅವರನ್ನೂ ಕರ್ಕೊಂಡು ಹೋಗ್ತೇವೆ, ನೀನು ಹತ್ತು” ಎಂದರು. ಕರೆದುಕೊಂಡು ಹೋದದ್ದೂ ನಿಜ. ಸಾಕುವಿನ ದೋಣಿಯ ಮೂತಿ ಮರಳಿಗೆ ಊರಿತ್ತಂತೆ, ಅರ್ಧ ನೀರಿನಲ್ಲಿ, ಅರ್ಧ ದಡದಲ್ಲಿ. ಸಾಕು ಹಗ್ಗ ಬಿಡದೆ ನಿಂತಿದ್ದಳಂತೆ. ಇಬ್ಬರು ಅವಳ ಬೆರಳು ಬಿಡಿಸಬೇಕಾಯಿತಂತೆ.

ಆ ರಾತ್ರಿ ಕಡಲು ಉಕ್ಕಿ ಹೊಳೆಯೊಳಗೆ ಹೊಕ್ಕಿತು. ಗಾಳಿ ಇಳಿದ ಮೇಲೆ ಹೊಳೆಯ ಬದಿಯಲ್ಲಿ ದೋಣಿಯೂ ಇರಲಿಲ್ಲ, ಮೂರು ಮರಗಳೂ ಇರಲಿಲ್ಲ. ಆಚೆ ದಡದಲ್ಲಿ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ನಡುವೆ ತೇಪೆ ಹಾಕಿದ ಒಂದು ಹಲಗೆ ಕಂಡಿತಂತೆ, ತರುವಷ್ಟರಲ್ಲಿ ಅದೂ ತೇಲಿಹೋಯಿತಂತೆ. ನಾನು ಹೊಸ ದೋಣಿಯ ಅಡಿಯಲ್ಲಿ ಬೆಚ್ಚಗೆ, ಒಣಗಿಕೊಂಡೇ ಇದ್ದೆ.

ಮೂರನೆಯ ದಿನ ಶೀನ ನನ್ನನ್ನು ಹೆಗಲ ಮೇಲೆ ಹೊತ್ತು ಸಾಕುವಿನ ಅಂಗಳಕ್ಕೆ ತಂದ. ಇಳಿಸಿದ ಮೇಲೂ ತಲೆ ಎತ್ತಲಿಲ್ಲ.

“ನಂಗೆ ಎರಡ್ ಬೈ ಸಾಕಕ್ಕ. ಹೀಂಗ್ ಸುಮ್ನೆ ಇರ್ಬೇಡ.”

“ಬೈರೆ ದೋಣಿ ಬತ್ತಾ ಮರಾಯಾ?” ಎಂದಳು. ಒಲೆಗೆ ನೀರಿಟ್ಟು, “ಚಾ ಕುಡ್ಕಂಡ್ ಹೋಗ್” ಎಂದಳು.

ಶೀನ ಚಾ ಕುಡಿಯುತ್ತಾ ಅತ್ತ. ಅಂದಿನಿಂದ ಅವನ ದೋಣಿ ಬಂದ ದಿನವೆಲ್ಲ ಒಂದು ಬುಟ್ಟಿ ಮೀನು ಈ ಅಂಗಳಕ್ಕೆ ಬರುತ್ತದೆ. ಬಚ್ಚಜ್ಜ ಹೊಳೆಗೆ ಬೆನ್ನು ಹಾಕಿ ಕೂರತೊಡಗಿದ. “ನಾನೇ ಅಲ್ದಾ ಕೊಡ್ ಅಂದದ್ದ್” ಎಂದು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದ. “ಸುಮ್ನಿರ್ ಅಪ್ಪಯ್ಯ” ಎಂದು ಸಾಕು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದಳು. ಹೇಳಿ ಹೇಳಿಯೇ ಅಜ್ಜ ಸ್ವಲ್ಪ ಹಗುರಾಗಿ, ಮರುವರ್ಷ ಕಣ್ಣು ಮುಚ್ಚಿದ.

ನನಗೆ ಬಾಯಿಲ್ಲ. ನಾನು ಯಾರ ಮುಂದೆ ಹೇಳಲಿ? ಹೇಳಿದರೂ ಮರದ ತುಂಡನ್ನು ಯಾರು ಬೈಯುತ್ತಾರೆ?

ಸಾಕು ಈಗ ದೋಣಿಯಿಲ್ಲದೆ, ಇಳಿತದಲ್ಲಿ ಎದೆಮಟ್ಟದ ನೀರಿಗಿಳಿದು ಚಿಪ್ಪು ಹೆಕ್ಕುತ್ತಾಳೆ. ಮೊದಲಿನ ಅರ್ಧದಷ್ಟೂ ಸಿಗುವುದಿಲ್ಲ. ಮಧ್ಯಾಹ್ನ ಒದ್ದೆ ಸೀರೆಯಲ್ಲೇ ಬಂದು, ಬಾಗಿಲ ಪಕ್ಕ ಹಾಕಿರುವ ನನ್ನ ಮೇಲೆ ಕುಳಿತು ಒಂದೊಂದೇ ಚಿಪ್ಪು ಬಿಡಿಸುತ್ತಾಳೆ. ಗೆದ್ದಲು ಹತ್ತದಂತೆ ವರ್ಷಕ್ಕೊಮ್ಮೆ ಎಣ್ಣೆ ಹಚ್ಚುತ್ತಾಳೆ. ಬೇಡವೆಂದು ನಾನು ಎಷ್ಟು ಹಂಬಲಿಸಿದರೂ ಹಚ್ಚುತ್ತಾಳೆ.

ಮೊನ್ನೆ ಮೀನು ತಂದ ಶೀನ, ಸೌದೆಗೆಂದು ನನ್ನನ್ನು ಒಡೆದುಕೊಡಲೇ ಎಂದು ಕೇಳಿದ. ಒಡೆಯಲಿ, ಒಲೆಗೆ ಹೋಗಲಿ ಎಂದು ನಾನು ಕಾದೆ.

ಸಾಕು ನನ್ನ ಮೈಮೇಲೆ ಅಂಗೈ ಇಟ್ಟಳು.

“ಛೆ, ಬ್ಯಾಡ. ನಮ್ ದೋಣಿದ್ ಅಂತ ಉಳ್ದದ್ ಇದೊಂದೇ.”