ಒಂದು ಹಿಡಿ ಮಾಗಡಿ ಗೂಡು

"ಮಾಗಡಿ ಗೂಡ್ನೂ ಒಂದ್ ಹಿಡಿ ಹಾಕವ್ವ," ಎಂದ ಆಫ್ತಾಬ್.

ಬಿಸಿನೀರಿನ ಬೇಸಿನ್ನಿನ ಮುಂದೆ ಕೂತು ಗೂಡುಗಳಿಂದ ರೇಷ್ಮೆ ಬಿಚ್ಚುತ್ತಿದ್ದ ಸಿದ್ದಮ್ಮ ಕೈ ತಡೆದಳು. "ಅದು ಎಸೆಯೋಕ್ ಮಡಗಿರೋ ಮಾಲು ಕಣಪ್ಪ." ಅವಳ ಕಣ್ಣು ಬಾಗಿಲಲ್ಲಿ ನಿಂತಿದ್ದ ಅವನ ಅಣ್ಣ ನಜೀರನ ಕಡೆ ಹೋಯಿತು. ಗಣಿತದಲ್ಲಿ ಡಾಕ್ಟರೇಟು ಮಾಡಿ, ಕಾಲೇಜಿನ ಕೆಲಸ ಬಿಟ್ಟು ರಾಮನಗರಕ್ಕೆ ಮರಳಿದ ಆಫ್ತಾಬನಿಗೆ ಆ ನೋಟ ಚುಚ್ಚಿತು. ಇಲ್ಲಿ ಹೂಂ ಅನ್ನಬೇಕಾದವನು ಅಣ್ಣನೇ.

"ಹಾಕು, ಡಾಕ್ಟ್ರು ಹೇಳ್ತಾವ್ರಲ್ಲ," ಎಂದ ನಜೀರ್.

ಆಫ್ತಾಬನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಒಂದೇ ಜಾತಿಯ ಮಾತೃಕೆಗಳ, ಅಂದರೆ ಅಂಕಿಗಳ ಚೌಕಟ್ಟುಗಳ, ಬೆನ್ನು ಹತ್ತಿ ವರ್ಷಗಳನ್ನು ಕಳೆದವನು ಅವನು. ಅವುಗಳ ಒಳಗೆ ಋಣ ಅಂಕಿಗಳು ಎಷ್ಟಾದರೂ ಇರಲಿ. ಯಾವುದೋ ಒಂದು ಧನ ಸದಿಶವನ್ನು, ಅಂದರೆ ಧನ ಅಂಕಿಗಳ ಸಾಲನ್ನು, ಉಣಿಸಿದಾಗ ಇಡಿಯಾಗಿ ಧನವೇ ಆಚೆ ಬಂದರೆ ಸಾಕು, ಮಾತೃಕೆ ಪಾಸು.

ಇಲ್ಲೂ ಅದೇ ಲೆಕ್ಕ. ಬೈರಾಪಟ್ಟಣದ ಗೂಡಿನ ಎಳೆ ಗಟ್ಟಿ, ಹೊಳಪು ಸಾಲದು. ಕನಕಪುರದ್ದಕ್ಕೆ ಹೊಳಪುಂಟು, ಗಟ್ಟಿತನ ಸಾಲದು. ಮಾಗಡಿಯದಕ್ಕೆ ಎರಡೂ ಇಲ್ಲ. ಹದವಾಗಿ ಬೆರೆಸಿದರೆ ಬರುವ ನೂಲು ಎರಡರಲ್ಲೂ ವ್ಯಾಪಾರಿಯ ಅಳತೆಯನ್ನು ದಾಟುತ್ತದೆ. ಆ ಹದವನ್ನು ಹೇಳಿದವನು ಆಫ್ತಾಬ್. ಇವತ್ತು ಪಾಸಾದರೆ ಅಣ್ಣ ತನ್ನನ್ನು ಪಾಲುದಾರ ಅನ್ನಲೇಬೇಕು. ನೆಂಟರ ಮುಂದೆ "ಇವ್ನು ಒಸಿ ಓದ್ಕೊಂಡವ್ನೆ" ಅನ್ನುವ ಪರಿಚಯ ಇವತ್ತಿಗೆ ಮುಗಿಯಬೇಕು.

ಮಧ್ಯಾಹ್ನ ವ್ಯಾಪಾರಿ ಅನೀಸ್ ಬಂದ. ನೂಲಿನ ಲಡಿಯನ್ನು ಬಿಸಿಲಿಗೆ ಹಿಡಿದ, ಎಳೆಯನ್ನು ಜಗ್ಗಿ ನೋಡಿದ. "ಚೆನ್ನಾಗೈತೆ. ಇನ್ಮೇಲೆ ಹಿಂಗೇ ಕೊಡಿ," ಎಂದು ಹೊರಟ.

ಆಫ್ತಾಬನ ಎದೆ ಉಬ್ಬಿತು. ಅಣ್ಣನ ಎದುರು ಕುರ್ಚಿ ಎಳೆದು, ಕಾಲ ಮೇಲೆ ಕಾಲು ಹಾಕಿ ಕೂತ.

"ಆ ಮಾಗಡಿ ಗೂಡು ಇಲ್ದಿದ್ರೆ ಪಾಸಾಗ್ತಿರ್ಲಿಲ್ವಾ?" ನಜೀರ್ ಕೇಳಿದ.

"ಆಗ್ತಿತ್ತು."

"ಮತ್ಯಾಕ್ ಹಾಕ್ಸ್ದೆ?"

ಆಫ್ತಾಬ್ ನಕ್ಕ. ಅವನಿಗೆ ಬಲು ಇಷ್ಟದ ಪ್ರಮೇಯವಿದು: ಉಣಿಸುವ ಸಾಲಿನಲ್ಲಿ ಸೊನ್ನೆ ಇದ್ದ ಕಡೆ ಚೂರೇ ಚೂರು ಧನ ಇಟ್ಟರೂ ಫಲ ಧನವಾಗಿಯೇ ಉಳಿಯುತ್ತದೆ. "ಯಾವ್ದನ್ನೂ ಸೊನ್ನೆ ಮಾಡ್ಬೇಕಿಲ್ಲ ಭಾಯ್. ಒಸಿ ಇದ್ರೆ ಏನೂ ಕೆಡಲ್ಲ."

ನಜೀರನಿಗೆ ಮಾತು ಹಿಡಿಸಿತು. ಎದ್ದು, ಗೋಡೆಗೆ ಒರಗಿಸಿದ್ದ ಕಾರ್ಖಾನೆಯ ಹೊಸ ಬೋರ್ಡಿಗೆ ಹೊದಿಸಿದ್ದ ಹಾಳೆ ಸರಿಸಿದ. ಬೋರ್ಡು ಕಳೆದ ವಾರವೇ ಬಂದಿತ್ತು. ದಪ್ಪ ಅಕ್ಷರಗಳಲ್ಲಿ ನಜೀರ್, ಅವನ ಮಗ ಅದ್ನಾನ್. ಕೆಳಗೆ, ಮೊಳೆ ಹೊಡೆಯುವ ಮೂಲೆಯಲ್ಲಿ, ಸಣ್ಣದಾಗಿ ಆಫ್ತಾಬ್.

"'ಅವ್ನ್ ಹೆಸ್ರು ಯಾಕೆ, ಅವ್ನಿಂದ ಏನಾಗ್ಬೇಕು, ಬುಡು' ಅಂದ್ರು ಅಮ್ಮಿ. ನಾನೇ ಹಾಕ್ಸ್ದೆ," ಎಂದ ನಜೀರ್, ಪ್ರೀತಿಯಿಂದಲೇ. "ನೀನೇ ಅಂದಂಗೆ, ಒಸಿ ಇದ್ರೆ ಏನೂ ಕೆಡಲ್ಲ."

ಆಫ್ತಾಬ್ ಪ್ರಮೇಯದಲ್ಲಿ ತಪ್ಪು ಹುಡುಕಿದ. ಸಿಗಲಿಲ್ಲ.

ಬೇಸಿನ್ನಿನಲ್ಲಿ ಗೂಡುಗಳೆಲ್ಲ ಎಳೆ ಕೊಡುತ್ತ ಕುಣಿಯುತ್ತಿದ್ದವು. ಮಾಗಡಿ ಗೂಡೊಂದು ಎಳೆ ಸಿಗದೆ ನಡುವೆ ತೇಲಿ ಬಂತು. ಸಿದ್ದಮ್ಮ ಅದನ್ನು ತೆಗೆದು ಎಸೆಯಲಿಲ್ಲ. ಬೆರಳ ತುದಿಯಿಂದ ಅಂಚಿಗೆ ಸರಿಸಿ ಕೆಲಸ ಮುಂದುವರಿಸಿದಳು. ಬಿಸಿನೀರಿನಲ್ಲಿ ಅದು ಇದ್ದಲ್ಲೇ ತಿರುಗುತ್ತಿತ್ತು.